ಯಾರ ಸಾಲ, ಯಾರಿಗೆ ಸಂದಾಯ?

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಮುಂದಿನ ತೋಟದಲ್ಲಿ ಪುಟ್ಟ ರೈಲು ಓಡುವುದು ಸಂಘದ ಅನೇಕರಿಗೆ ಗೊತ್ತು. ದೀಪ ಹಚ್ಚಿದ ಪೊದೆಗಳ ನಡುವೆ ಹಿತ್ತಾಳೆಯ ಹಳಿ, ಮರದ ತೊಗಟೆಯಿಂದ ಮಾಡಿದ ಒಂದು ಸ್ಟೇಷನ್ನು, ಎಂಜಿನ್ನಿನ ಹಿಂದೆ ಗಡಗಡಿಸುವ ನಾಲ್ಕು ಡಬ್ಬಿಗಳು. ಊರಿನಲ್ಲಿ ಅಮ್ಮ ದಸರೆಗೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಕೀಲಿ ಕೊಡುವ ತಗಡಿನ ರೈಲು ಇಡುತ್ತಿದ್ದರು. ನಿಮ್ಮದು ಅದರದೇ ಮುಂದುವರಿಕೆ ಎಂದು ನನ್ನ ಶ್ರೀಮತಿ ನಗುತ್ತಾಳೆ.

ಈ ಬಗೆಯ ತೋಟದ ರೈಲನ್ನು ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್.ಜಿ.ಬಿ. ಎಂಬ ಹೆಸರಿನಲ್ಲಿ ಹೊರತಂದಿತು. ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಅದನ್ನು 22.5ರಿಂದ ಗುಣಿಸಿದರೆ ಸುಮಾರು ಒಂದು ಮೀಟರ್. ನನ್ನ ಬಾಲ್ಯದ ಬೆಂಗಳೂರು-ಮೈಸೂರು ರೈಲು ಓಡುತ್ತಿದ್ದುದೂ ಮೀಟರ್‌ಗೇಜಿನ ಮೇಲೆಯೇ! ಮಳೆ, ಹಿಮ ತಗುಲಿದರೆ ಹಿತ್ತಾಳೆ ಕಪ್ಪಾಗುತ್ತದೆ. ವಿದ್ಯುತ್ತು ಹಳಿಯ ಮೂಲಕವೇ ಹರಿಯಬೇಕಾದ್ದರಿಂದ ಗಾಡಿ ಮುಗ್ಗರಿಸಿ ನಿಲ್ಲುತ್ತದೆ. ಸಂಜೆ ಮೊಣಕಾಲೂರಿ ಹಳಿ ಉಜ್ಜಬೇಕು, ಬಿದ್ದ ಎಲೆ ಆರಿಸಬೇಕು. ಈ ಸೇವೆಯಲ್ಲಿ ನನಗೆ ಬೇಸರವಿಲ್ಲ.

ಬೇಸರ ಬೇರೆಯದು. ಆ ಎಂಜಿನ್ನನ್ನು ನಾನು ಕೊಂಡದ್ದು 2000ದ ಡಿಸೆಂಬರಿನಲ್ಲಿ, ಆಗ ನಾಲ್ಕು ವರ್ಷದವನಾಗಿದ್ದ ಮಗನಿಗೆ. ನಾನಾಗ ರೆಸಿಡೆಂಟ್. ರೆಸಿಡೆಂಟ್‌ಗಳಿಗೆ ವಾರಕ್ಕೆ 80 ಗಂಟೆಯ ಮಿತಿ ದೇಶವ್ಯಾಪಿಯಾಗಿ ಬಂದದ್ದು 2003ರಲ್ಲಿ. "ಮುಂದಿನ ಭಾನುವಾರ ಜೋಡಿಸೋಣ ಪುಟ್ಟಾ" ಎನ್ನುತ್ತಲೇ ಭಾನುವಾರಗಳು ಕಳೆದವು. ನಿಯಮವನ್ನು ದೂರಿ ಪ್ರಯೋಜನವಿಲ್ಲ. ಆಮೇಲೆ ಸಮಯ ಸಿಕ್ಕಿತು, ಮುಂದೂಡುವ ಅಭ್ಯಾಸ ಮಾತ್ರ ಹೋಗಲಿಲ್ಲ. ಪೆಟ್ಟಿಗೆ ಬಿಚ್ಚಿದ್ದು ಮಗ ಕಾಲೇಜಿಗೆ ಹೊರಟುಹೋದ ಮೇಲೆ.

ಹೋದ ಡಿಸೆಂಬರಿನಲ್ಲಿ ಅವನು ಬಂದಿದ್ದ. ಪಕ್ಕದ ಮನೆಯ ಮಗುವಿಗೆ ನಾನು ರೈಲು ಓಡಿಸಲು ಕಲಿಸುತ್ತಿದ್ದುದನ್ನು ನೋಡುತ್ತ ನಿಂತ. "ಅಪ್ಪ, ಇದು ನನ್ನ ಎಂಜಿನ್ ಅಲ್ವಾ?" ಅಂದ. ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಚುಚ್ಚಿತು.

ಒಬ್ಬರಿಗೆ ಸಲ್ಲಬೇಕಾದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಸಾಲ ತೀರುತ್ತದೆಯೇ? ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಎಣಿಸಿದರು. ಪಿತೃಗಳ ಋಣ ಸಂತಾನದಿಂದ ತೀರುತ್ತದೆ ಎಂದರು. ಅಂದರೆ ಹಿಂದಿನವರ ಸಾಲವನ್ನು ಮುಂದಿನವರಲ್ಲಿ ತೀರಿಸಲು ಅನುಮತಿಯುಂಟು. ಗತಿಸಿದವರ ಕೈಗೆ ಹಿಂದಿರುಗಿಸುವುದು ಸಾಧ್ಯವಿಲ್ಲವಲ್ಲ! ಆದರೆ ಮಗನ ಸಾಲ ಆ ಪಟ್ಟಿಯಲ್ಲಿಲ್ಲ. ಅದನ್ನು ಪಡೆಯಬೇಕಾದವನು ಎದುರಿಗೇ ನಿಂತಿದ್ದಾನೆ.

ನನ್ನ ವೃತ್ತಿ ಹೇಳುವುದೂ ಇದನ್ನೇ. ಒಬ್ಬ ರೋಗಿಯ ವಿಷಯದಲ್ಲಿ ತಪ್ಪಿದ ವೈದ್ಯ ಮುಂದಿನವರನ್ನು ಎಷ್ಟೇ ಎಚ್ಚರದಿಂದ ನೋಡಲಿ, ಮೊದಲಿನವರೆದುರು ಕುಳಿತು ತಪ್ಪೊಪ್ಪಿಕೊಳ್ಳುವುದು ಬಾಕಿಯೇ ಉಳಿಯುತ್ತದೆ. ಎಚ್ಚರ ಬೇಕು, ಆದರೆ ಅದು ಬೇರೆ ಖಾತೆ.

ಆ ರಾತ್ರಿ ಊಟವಾದ ಮೇಲೆ ಹೇಳಿದೆ: "ತಪ್ಪಾಯ್ತು ಕಣೋ. ನಿನಗೆ ಕೊಡಬೇಕಾದ ಸಮಯ ಕೊಡಲಿಲ್ಲ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳಿ ಉಜ್ಜೋ ಬಟ್ಟೆ ಎಲ್ಲಿದೆ?" ಎಂದ. ಚಳಿಯಲ್ಲಿ ಹನ್ನೊಂದರವರೆಗೆ ಇಬ್ಬರೂ ಉಜ್ಜಿದೆವು. ಸಾಲ ತೀರಿತೆಂದು ಹೇಳಲಾರೆ. ಆದರೆ ಅಂದಿನಿಂದ ನೆರೆಯ ಮಕ್ಕಳಿಗಾಗಿ ಓಡಿಸುವ ರೈಲು ಯಾವ ಸಾಲದ ಕಂತೂ ಅಲ್ಲ, ಬರೀ ಸಂತೋಷ.

ಈ ಡಿಸೆಂಬರಿನಲ್ಲೂ ರೈಲು ಓಡುತ್ತದೆ. ಮಕ್ಕಳೊಂದಿಗೆ ಬನ್ನಿ, ಬಿಸಿ ಕಾಫಿ ಸಿದ್ಧವಿರುತ್ತದೆ. ನಿಮ್ಮ ಬೇಸ್‌ಮೆಂಟಿನಲ್ಲೂ ಬಿಚ್ಚದ ಪೆಟ್ಟಿಗೆಯೊಂದಿದ್ದು, ಮಗು ಇನ್ನೂ ಮನೆಯಲ್ಲೇ ಇದ್ದರೆ, ಮೊದಲು ಅದನ್ನು ಬಿಚ್ಚಿ. ನಮ್ಮಲ್ಲಿಗೆ ಮುಂದಿನ ವಾರ ಬಂದರೂ ಆದೀತು.