ಪಕ್ಕದಲ್ಲಿ ಹಾರಿದ ಅಪ್ಪ

ಎಲ್ಲರೂ ಕೂತ್ಕೊಳ್ಳಿ. ಸತ್ಯವೇದ ತಂದಿರೋರು ಮಲಾಕಿಯ 4ನೇ ಅಧ್ಯಾಯ, 6ನೇ ವಚನ ತೆಗೀರಿ. ಮೊಬೈಲ್‌ನಲ್ಲಿ ತೆಗೆಯೋರು ದಾರೀಲಿ ವಾಟ್ಸಾಪ್ ಕಡೆ ತಿರುಗಬೇಡಿ.

ಇದು ಹಳೇ ಒಡಂಬಡಿಕೆಯ ಕೊಟ್ಟಕೊನೆಯ ವಚನ. ಇದಾದ ಮೇಲೆ ಸುಮಾರು 400 ವರ್ಷ ಮೌನ. ಅಷ್ಟು ಉದ್ದದ ಮೌನಕ್ಕೆ ಮುಂಚೆ ದೇವರು ಕೊನೆಯದಾಗಿ ಯಾವುದರ ಬಗ್ಗೆ ಮಾತಾಡಿದ್ರು? ಅರಮನೆ ಬಗ್ಗೆ ಅಲ್ಲ, ಯುದ್ಧದ ಬಗ್ಗೆ ಅಲ್ಲ. ಅಪ್ಪ ಮತ್ತು ಮಕ್ಕಳ ಬಗ್ಗೆ ಮಾತಾಡಿದ್ರು. ಮುರಿದ ಮನಸ್ಸುಗಳನ್ನ ಒಂದರ ಕಡೆಗೊಂದು ತಿರುಗಿಸ್ತೀನಿ ಅಂದ್ರು. ಅಲ್ಲಿರೋ ಕ್ರಮ ನೋಡಿ. ಮೊದಲು ತಂದೆಯ ಮನಸ್ಸು ತಿರುಗಬೇಕು, ಆಮೇಲೆ ಮಕ್ಕಳದ್ದು. ನಾವು ಯಾವಾಗ್ಲೂ ಉಲ್ಟಾ ಹೇಳ್ತೀವಿ. "ಮಗ ಬಂದು ಕಾಲಿಗೆ ಬೀಳಲಿ, ಆಮೇಲೆ ನೋಡೋಣ" ಅಂತೀವಿ.

ಈ ವಚನ ನನಗೆ ಅರ್ಥ ಆಗಿದ್ದು ಒಂದು ಸಿನಿಮಾ ನೋಡುವಾಗ. ಹಿಂದಿನ ಸಾಲಿನ ಆಂಟಿ ನನ್ನನ್ನೇ ನೋಡ್ತಿದಾರೆ. ಸಮಾಧಾನ ಆಂಟಿ, ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡೋ ಸಿನಿಮಾನೇ. 'ಫ್ಲೈ ಅವೇ ಹೋಮ್', 1996ರಲ್ಲಿ ಬಂದಿದ್ದು. ನಿಮ್ಮಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ.

ಏಮಿ ಅಂತ 13 ವರ್ಷದ ಹುಡುಗಿ. ಅಮ್ಮನ ಜೊತೆ ನ್ಯೂಜಿಲೆಂಡ್‌ನಲ್ಲಿರ್ತಾಳೆ. ಮಳೆ ರಾತ್ರಿ, ಕಾರು ಅಪಘಾತ, ಅಮ್ಮ ತೀರಿಹೋಗ್ತಾಳೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹಾಸಿಗೆ ಪಕ್ಕದಲ್ಲಿ ಒಬ್ಬ ಗಂಡಸು ಕೂತಿರ್ತಾನೆ. ಅವಳ ಅಪ್ಪ ಥಾಮಸ್. ಎಷ್ಟೋ ವರ್ಷದಿಂದ ಮಗಳ ಮುಖ ನೋಡಿರದ ಅಪ್ಪ. ಕೆನಡಾದ ಒಂಟಾರಿಯೊದಲ್ಲಿ ಅವನ ತೋಟದ ಮನೆ. ಶಿಲ್ಪಿ, ಜೊತೆಗೆ ಏನಾದ್ರೂ ಹೊಸದು ಕಂಡುಹಿಡೀತಾ ಇರ್ತಾನೆ. ಮಗಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತಾನೆ. ಒಂದೇ ಮನೆ, ಆದ್ರೆ ಇಬ್ಬರ ನಡುವೆ ಮಾತಿಲ್ಲ. ಮಗಳಿಗೆ ಮಾತಾಡೋಕೆ ಮನಸ್ಸಿಲ್ಲ, ಅಪ್ಪನಿಗೆ ಏನು ಮಾತಾಡಬೇಕು ಅಂತ ಗೊತ್ತಿಲ್ಲ. ಇಂಥ ಮನೆಯಿಂದ ಇವತ್ತು ಬೆಳಿಗ್ಗೆ ಸಭೆಗೆ ಹೊರಟು ಬಂದವರು ಇಲ್ಲೂ ಇದೀರಿ. ನನಗೆ ಗೊತ್ತು.

ಮನೆ ಹತ್ತಿರದ ಜೌಗು ಜಾಗದಲ್ಲಿ ಬುಲ್ಡೋಜರ್ ಹರಿಯುತ್ತೆ. ಮರಗಳು ಉರುಳಿಬೀಳ್ತವೆ. ಅಲ್ಲಿ ತಾಯಿ ಇಲ್ಲದ ಹೆಬ್ಬಾತಿನ ಮೊಟ್ಟೆಗಳು ಏಮಿಗೆ ಸಿಗ್ತವೆ. ತಾಯಿ ಇಲ್ಲದ ಹುಡುಗಿಗೆ ತಾಯಿ ಇಲ್ಲದ ಮೊಟ್ಟೆ. ಯಾರಿಗೂ ಹೇಳದೆ ತಂದು ಡ್ರಾಯರ್‌ನಲ್ಲಿಟ್ಟು, ಬಲ್ಬ್ ಹಾಕಿ ಬೆಚ್ಚಗೆ ಕಾಯ್ತಾಳೆ. 16 ಮರಿಗಳು ಹೊರಗೆ ಬರ್ತವೆ. ಹೆಬ್ಬಾತಿನ ಮರಿ ಹುಟ್ಟಿದ ಕೂಡಲೇ ಮುಂದೆ ಓಡಾಡೋ ಜೀವ ಯಾವುದೋ ಅದನ್ನೇ ತಾಯಿ ಅಂತ ಹಿಂಬಾಲಿಸುತ್ತೆ. ಇದನ್ನ ಅಧ್ಯಯನ ಮಾಡಿದ ಕಾನ್ರಾಡ್ ಲೊರೆನ್ಸ್ ಅನ್ನೋ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಾಗಾಗಿ ಆ 16 ಮರಿಗೂ ಏಮಿನೇ ಅಮ್ಮ.

ಈಗ ಸಮಸ್ಯೆ ಏನು? ಚಳಿಗಾಲಕ್ಕೆ ಮುಂಚೆ ಹೆಬ್ಬಾತುಗಳು ದಕ್ಷಿಣಕ್ಕೆ ಹಾರಬೇಕು. ದಾರಿ ತೋರಿಸೋಕೆ ತಾಯಿ ಇಲ್ಲ. ವನ್ಯಜೀವಿ ಅಧಿಕಾರಿ ಬಂದು ರೆಕ್ಕೆ ಕತ್ತರಿಸಬೇಕು ಅಂತಾನೆ. ಮಗಳು ಕಿರುಚಿಕೊಂಡಾಗ ಅಪ್ಪ ಅವನನ್ನ ಮನೆಯಿಂದ ಆಚೆ ದಬ್ತಾನೆ. ಆಮೇಲೆ ಅಪ್ಪನಿಗೊಂದು ಯೋಚನೆ ಬರುತ್ತೆ. ಅವನ ಹತ್ರ ಅಲ್ಟ್ರಾಲೈಟ್ ಅಂತ ಪುಟ್ಟ ವಿಮಾನ ಇದೆ. ತಾನೇ ಹಾರಿ ಹಕ್ಕಿಗಳಿಗೆ ದಾರಿ ತೋರಿಸ್ತೀನಿ ಅಂತ ಹೊರಡ್ತಾನೆ. ಹಕ್ಕಿಗಳು ಒಂದಾದ್ರೂ ಹಿಂದೆ ಬರಬೇಕಲ್ಲ!

ಯಾಕೆ ಬರಲಿಲ್ಲ? ವಿಮಾನ ಇದೆ, ವಿದ್ಯೆ ಇದೆ, ಒಳ್ಳೇ ಮನಸ್ಸೂ ಇದೆ. ಆದ್ರೆ ಮೊಟ್ಟೆ ಒಡೆದಾಗ ಅವನು ಅಲ್ಲಿರಲಿಲ್ಲ.

ಪ್ರಿಯರೇ, ಈ ಮಾತು ನನ್ನೊಳಗೆ ಎಲ್ಲೋ ಚುಚ್ಚಿತು. ಅಪ್ಪ ಅನ್ನೋ ಪದವಿ ಇದ್ದಮಾತ್ರಕ್ಕೆ ಯಾರೂ ಹಿಂದೆ ಬರಲ್ಲ. ಮಗಳಿಗೆ ಜ್ವರ ಬಂದಾಗ ಎಲ್ಲಿದ್ದೆ, ಮೊದಲ ಸಲ ಸೋತಾಗ ಎಲ್ಲಿದ್ದೆ ಅನ್ನೋದರ ಮೇಲೆ ಅದು ನಿಂತಿರುತ್ತೆ. ಸಿನಿಮಾದಲ್ಲೂ ಏಮಿ ಕೇಳೇ ಬಿಡ್ತಾಳೆ, ನನ್ನ ನೋಡೋಕೆ ಯಾಕೆ ಬರಲಿಲ್ಲ ಅಂತ. ನ್ಯೂಜಿಲೆಂಡ್ ತುಂಬಾ ದೂರ ಅಂತಾನೆ ಅಪ್ಪ. ಅದೂ ಒಂದು ನೆಪಾನಾ ಅನ್ನೋ ಹಾಗೆ ಅವಳು ಉತ್ತರ ಕೊಡ್ತಾಳೆ. ಅವನು ವಾದ ಮಾಡಲ್ಲ, ತಪ್ಪು ಒಪ್ಕೊಳ್ತಾನೆ.

ಆಮೇಲೆ ಅವನು ಮಾಡಿದ ಕೆಲಸ ನೋಡಿ. ಹಕ್ಕಿಗಳು ಮಗಳ ಹಿಂದೆ ಮಾತ್ರ ಬರೋದಾದ್ರೆ, ಮುಂದೆ ಹಾರಬೇಕಾದವಳು ಮಗಳೇ. ಹೆಬ್ಬಾತಿನ ಮುಖ ಇರೋ ಇನ್ನೊಂದು ಪುಟ್ಟ ವಿಮಾನ ಕಟ್ತಾನೆ, ಅವಳಿಗೆ ಹಾರೋದು ಕಲಿಸ್ತಾನೆ. ಮುಂದೆ ಹಾರಬೇಕು ಅಂತಿದ್ದ ಅಪ್ಪ ಈಗ ಪಕ್ಕದಲ್ಲಿ ಹಾರ್ತಾನೆ. ಕಳೆದ ವರ್ಷಗಳನ್ನ ವಾಪಸ್ ಕೊಡೋಕೆ ಅವನಿಗೆ ಆಗಲ್ಲ. ಪಕ್ಕದಲ್ಲಿ ಹಾರೋಕೆ ಆಗುತ್ತೆ. ಒಂಟಾರಿಯೊ ಸರೋವರ ದಾಟಿ, ಮಂಜು ಮುಸುಕಿದ ಬಾಲ್ಟಿಮೋರ್ ಕಟ್ಟಡಗಳ ನಡುವೆ ನುಸುಳಿ ಇಬ್ಬರೂ ದಕ್ಷಿಣಕ್ಕೆ ಹೋಗ್ತಾರೆ. ಇನ್ನೇನು ಊರು ಸಿಕ್ಕಿತು ಅನ್ನುವಾಗ ಅಪ್ಪನ ವಿಮಾನ ಬೀಳುತ್ತೆ, ಭುಜಕ್ಕೆ ಪೆಟ್ಟು. ಕೊನೇ ದಾರಿ ನೀನೊಬ್ಬಳೇ ಹೋಗು ಅಂತ ಕಳಿಸ್ತಾನೆ. ಹಾರೋದು ಕಲಿಸಿದವನೇ ಬಿಟ್ಟುಕೊಡೋದನ್ನೂ ಕಲೀತಾನೆ.

ಹಕ್ಕಿಗಳ ಪ್ರಯಾಣ ಕಟ್ಟುಕಥೆ ಅಲ್ಲ. ಬಿಲ್ ಲಿಶ್ಮನ್ ಅನ್ನೋ ಕೆನಡಾದ ಶಿಲ್ಪಿ 1993ರಲ್ಲಿ ನಿಜವಾಗ್ಲೂ ಅಲ್ಟ್ರಾಲೈಟ್ ಹಾರಿಸ್ಕೊಂಡು ಹೆಬ್ಬಾತುಗಳನ್ನ ಒಂಟಾರಿಯೊದಿಂದ ಅಮೆರಿಕದ ವರ್ಜೀನಿಯಾಗೆ ಕರ್ಕೊಂಡು ಹೋದ್ರು. ಅಪ್ಪ-ಮಗಳ ಮುನಿಸು ಸಿನಿಮಾದವರು ಸೇರಿಸಿದ್ದು. ಆದ್ರೆ ಆ ಮುನಿಸು ನಮ್ಮ ಮನೆಗಳಲ್ಲಿ ನಿಜ, ಅಲ್ವಾ?

ಈಗ ಮಾರ್ಕ 5ನೇ ಅಧ್ಯಾಯಕ್ಕೆ ಬನ್ನಿ. ಯಾಯಿರ ಸಭಾಮಂದಿರದ ಅಧಿಕಾರಿ, ದೊಡ್ಡ ಮನುಷ್ಯ. 12 ವರ್ಷದ ಮಗಳು ಸಾಯೋ ಸ್ಥಿತೀಲಿದಾಳೆ. ಆಳನ್ನ ಕಳಿಸಬಹುದಿತ್ತು, ತಾನೇ ಬಂದ. ಜನರ ಮುಂದೆ ಯೇಸುವಿನ ಪಾದಕ್ಕೆ ಬಿದ್ದ. ಮಗಳಿಗೋಸ್ಕರ ಪದವಿಯಿಂದ ಕೆಳಗೆ ಇಳಿದ. ಮನೆಗೆ ಬಂದ ಮೇಲೆ ಯೇಸು ಎಲ್ಲರನ್ನೂ ಆಚೆ ಕಳಿಸಿ, ತಂದೆ-ತಾಯಿಯನ್ನ ಮಾತ್ರ ಒಳಗೆ ಕರ್ಕೊಂಡು ಹೋಗ್ತಾರೆ, ಜೊತೆಗೆ ಮೂರು ಶಿಷ್ಯರು. ನೀವು ಹೊರಗಿರಿ, ಅದ್ಭುತ ನಾನು ಮಾಡ್ತೀನಿ ಅನ್ನಲಿಲ್ಲ. ಮಗಳು ಕಣ್ಣು ಬಿಡುವಾಗ ಅಪ್ಪ ಅಲ್ಲೇ ಇರಬೇಕು! ಎದ್ದ ಮೇಲೆ ಏನು ಹೇಳಿದ್ರು? ಅವಳಿಗೆ ಊಟ ಕೊಡಿ ಅಂದ್ರು. ಸತ್ತವಳನ್ನ ಎಬ್ಬಿಸೋದು ಕರ್ತನ ಕೆಲಸ. ಊಟ ಕೊಡೋದು ನಮ್ಮ ಕೆಲಸ. ಆಮೆನ್?

ನನ್ನ ವಿಷಯ ಹೇಳ್ತೀನಿ. ನಾನು ಎಂಟನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ಮನೆ ಬಿಟ್ಟು ಹೋದ್ರು. ಅಮ್ಮ ಬ್ಲೌಸ್ ಹೊಲಿದು ನಮ್ಮನ್ನ ಸಾಕಿದ್ರು. ನಾನು ರಕ್ಷಣೆ ಹೊಂದಿದೆ, ಬೈಬಲ್ ಕಾಲೇಜಿಗೆ ಹೋದೆ. ತಪ್ಪಿಹೋದ ಮಗನ ಸಾಮ್ಯದ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದೀನೋ ಲೆಕ್ಕ ಇಲ್ಲ. ತಪ್ಪಿಹೋದ ಅಪ್ಪ ಫೋನ್ ಮಾಡಿದ್ರೆ ಮಾತ್ರ ಎತ್ತುತ್ತಿರಲಿಲ್ಲ. ನನ್ನ ಫೋನ್‌ನಲ್ಲಿ ಆ ನಂಬರ್ 'ಅಪ್ಪ' ಅಂತ ಸೇವ್ ಆಗಿರಲಿಲ್ಲ, ಅವರ ಹೆಸರಲ್ಲಿ ಸೇವ್ ಆಗಿತ್ತು. ಯಾರೋ ಗ್ಯಾಸ್ ಏಜೆನ್ಸಿಯವರ ಥರ.

ಹೆಂಡ್ತಿ, ಮಗಳ ಜೊತೆ ಈ ಸಿನಿಮಾ ನೋಡ್ತಾ ಇದ್ದೆ. ಮಗಳು ಕೇಳಿದಳು, "ಅಪ್ಪಾ, ನಿಮ್ಮಪ್ಪ ಎಲ್ಲಿದಾರೆ?" ನನ್ನ ಹತ್ರ ಪ್ರಸಂಗ ಇತ್ತು, ಉತ್ತರ ಇರಲಿಲ್ಲ. ಮುಂದಿನ ವಾರ ಹುಡುಕಿಕೊಂಡು ಹೋದೆ. ಒಂದು ಅಪಾರ್ಟ್‌ಮೆಂಟ್‌ನಲ್ಲಿ ವಾಚ್‌ಮನ್ ಆಗಿದಾರೆ. ಗೇಟ್ ಹತ್ರ ನನ್ನ ನೋಡಿ ಮೊದಲು ಗಾಡಿ ನಂಬರ್ ಬರ್ಕೊಳ್ಳೋಕೆ ರಿಜಿಸ್ಟರ್ ತೆಗೆದ್ರು. ಆಮೇಲೆ ಗುರುತು ಸಿಕ್ತು. ಅಪ್ಪಿಕೊಂಡು ಅಳಲಿಲ್ಲ. ಕುರ್ಚಿಯಿಂದ ಎದ್ದು ನನ್ನನ್ನ ಕೂರಿಸಿ, "ಊಟ ಆಯ್ತಾ?" ಅಂದ್ರು. ಅಷ್ಟೇ. ಯಾಕೆ ಬಿಟ್ಟು ಹೋದ್ರಿ ಅಂತ ನಾನಿನ್ನೂ ಕೇಳಿಲ್ಲ. ಅವರೂ ಹೇಳಿಲ್ಲ. ಎಲ್ಲ ಸರಿಹೋಯ್ತು ಅಂತ ಈ ವೇದಿಕೆ ಮೇಲೆ ಸುಳ್ಳು ಹೇಳಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡ್ತೀನಿ, ಎರಡೇ ನಿಮಿಷ. ಆದ್ರೆ ನಂಬರ್ ಈಗ 'ಅಪ್ಪ' ಅಂತ ಸೇವ್ ಆಗಿದೆ. ದೇವರಿಗೆ ಸ್ತೋತ್ರ.

ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು. ನಿಮ್ಮಲ್ಲಿ ಕೆಲವರಿಗೆ ಅಪ್ಪನಿಂದ ಸಿಕ್ಕಿದ್ದು ಬರೀ ದೂರ ಅಲ್ಲ. ಪೆಟ್ಟು, ಭಯ, ಹೇಳಿಕೊಳ್ಳೋಕೆ ಆಗದ ಗಾಯ. ಕ್ಷಮಿಸೋದು ಅಂದ್ರೆ ಆ ಹೊಡೆತದ ಮನೆಗೆ ವಾಪಸ್ ಹೋಗೋದು ಅಂತ ನಾನು ಹೇಳ್ತಿಲ್ಲ. ಕ್ಷಮೆ ಬೇರೆ, ನಂಬಿಕೆ ಬೇರೆ. ಕ್ಷಮೆಯನ್ನ ಇಲ್ಲೇ, ಕರ್ತನ ಸನ್ನಿಧಿಯಲ್ಲೇ ಕೊಡಬಹುದು. ನಂಬಿಕೆಯನ್ನ ಆ ಕಡೆಯವರು ದಿನ ದಿನವೂ ಕಟ್ಟಬೇಕು. ಥಾಮಸ್ ವಿಮಾನ ಕಟ್ಟಿದ ಹಾಗೆ, ಒಂದೊಂದೇ ಕಡ್ಡಿ ಜೋಡಿಸಿ. ಅಂಥವರು ಕೀರ್ತನೆ 27:10 ಮನೆಗೆ ಹೋಗಿ ಓದಿ. ಹೆತ್ತವರೇ ಕೈಬಿಟ್ಟರೂ ನಿಮ್ಮನ್ನ ಎತ್ತಿಕೊಳ್ಳೋ ಒಬ್ಬರು ಅಲ್ಲಿದಾರೆ. ಮೊಟ್ಟೆ ಒಡೆದಾಗ ನಿಮ್ಮಪ್ಪ ಇರಲಿಲ್ಲವೇನೋ. ಪರಲೋಕದ ತಂದೆ ಇದ್ರು. ಹಲ್ಲೆಲೂಯ!

ಕಳೆದುಹೋದ ವರ್ಷಗಳು? ಯೋವೇಲ 2:25 ನೋಡಿ. ಮಿಡತೆ ತಿಂದುಹಾಕಿದ ವರ್ಷಗಳ ಬೆಳೆಯನ್ನೇ ತುಂಬಿಕೊಡ್ತೀನಿ ಅಂತ ದೇವರು ಮಾತು ಕೊಡ್ತಾರೆ. ಥಾಮಸ್‌ಗೆ ಆಗದ ಕೆಲಸ ನಮ್ಮ ದೇವರಿಗೆ ಆಗುತ್ತೆ. ಸಿನಿಮಾದ ಕೊನೆಯಲ್ಲಿ, ಮುಂದಿನ ವಸಂತಕ್ಕೆ ಆ 16 ಹಕ್ಕಿಗಳೂ ತಾವಾಗಿಯೇ ತೋಟಕ್ಕೆ ವಾಪಸ್ ಬಂದವು ಅಂತ ತೋರಿಸ್ತಾರೆ. ಒಂದು ಸಲ ಜೊತೆಯಲ್ಲಿ ಹಾರಿ ದಾರಿ ತೋರಿಸಿದ್ರೆ ಸಾಕು, ಮನೆಗೆ ಬರೋ ದಾರಿ ನೆನಪಿರುತ್ತೆ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಅಪ್ಪಂದಿರೇ, ಇವತ್ತು ಮಗಳಿಗೆ ಉಪದೇಶ ಬೇಡ, ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ. ತಮ್ಮ, ತಂಗಿ, ಸುರಕ್ಷಿತವಾಗಿ ಮಾತಾಡೋಕೆ ಆಗೋ ಅಪ್ಪ ನಿನಗಿದ್ರೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ಫೋನ್ ಮಾಡು. ಏನು ಮಾತಾಡಬೇಕು ಗೊತ್ತಾಗದಿದ್ರೆ, ಊಟ ಆಯ್ತಾ ಅಂತ ಕೇಳು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಪಕ್ಕದಲ್ಲಿರೋದಕ್ಕೆ ನಿಮ್ಮ ಮಗನನ್ನೇ ಕಳಿಸಿದಿರಿ, ಸ್ತೋತ್ರ. ತಿರುಗದ ಮನಸ್ಸುಗಳನ್ನ ತಿರುಗಿಸಿರಿ, ಮೊದಲು ನನ್ನದನ್ನ. ಇಲ್ಲಿ ಅಪ್ಪ ಅನ್ನೋ ಪದ ಹೇಳೋಕೂ ನೋಯುವ ಪ್ರತಿಯೊಬ್ಬರನ್ನೂ ಈಗಲೇ ಮುಟ್ಟಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.