ಹೆಸರು ಹೇಳದ ಕಾಯಿಲೆ

ನಮ್ಮ ತುಮಕೂರು ಕಡೆ ಕ್ಯಾನ್ಸರ್ ಎಂಬ ಮಾತನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. 'ಕಿದ್ವಾಯಿಗೆ ತೋರಿಸ್ತಿದ್ದಾರಂತೆ' ಎಂದು ದನಿ ತಗ್ಗಿಸಿದರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತದೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಆಸ್ಪತ್ರೆಯ ಹೆಸರೇ ನಮಗೆ ರೋಗದ ಹೆಸರು. ರೋಗಿಯ ಎದುರಿಗೆ ಅದನ್ನೂ ಹೇಳುವುದಿಲ್ಲ. ಇದು ದಯೆ ಎಂದೇ ನಾನೂ ನಂಬಿದ್ದೆ.

ಗುಬ್ಬಿಯಲ್ಲಿರುವ ನನ್ನ ಅಕ್ಕನಿಗೆ ಮೂರು ವರ್ಷಗಳ ಹಿಂದೆ ಸುಸ್ತು ಹೆಚ್ಚಾಗಿ ಪರೀಕ್ಷೆ ಮಾಡಿಸಿದಾಗ ವಾಲ್ಡನ್‌ಸ್ಟ್ರಾಮ್ ಕಾಯಿಲೆ ಎಂದು ತಿಳಿಯಿತು. ಸ್ವೀಡನ್ನಿನ ವೈದ್ಯ ಯಾನ್ ವಾಲ್ಡನ್‌ಸ್ಟ್ರಾಮ್ 1944ರಲ್ಲಿ ವಿವರಿಸಿದ, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಅದು. 'ಈಗಲೇ ಔಷಧಿ ಬೇಡ. ಕೈಕಾಲು ಜೋಮು ಹಿಡಿದರೆ, ನಡಿಗೆ ತಪ್ಪಿದರೆ ತಕ್ಷಣ ಬನ್ನಿ' ಎಂದರು ವೈದ್ಯರು. ಕುಣಿಗಲ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಹೊರಗೆ ಬಂದವನೇ, 'ಚಿಕ್ಕಮ್ಮ, ಅಮ್ಮನಿಗೆ ಹೇಳೋದು ಬೇಡ' ಎಂದ. ನಾನು ಒಪ್ಪಿದೆ. ಅಕ್ಕನಿಗೆ 'ರಕ್ತ ಕಮ್ಮಿಯಂತೆ' ಎಂದಷ್ಟೇ ಹೇಳಿದೆವು.

ಕಳೆದ ವರ್ಷ ಅಕ್ಕ ಮೆಟ್ಟಿಲ ಮೇಲೆ ಮುಗ್ಗರಿಸತೊಡಗಿದಳು. ಆಡುತ್ತಿದ್ದ ಮಾತನ್ನು ನಡುವೆಯೇ ಮರೆಯುತ್ತಿದ್ದಳು. ಒಂದು ಆಸ್ಪತ್ರೆಗೆ ಕರೆದೊಯ್ದೆವು. ಅಕ್ಕ ಪಕ್ಕದಲ್ಲೇ ಕೂತಿದ್ದರಿಂದ ಹಳೆಯ ಕಾಯಿಲೆಯ ವಿಷಯ ಎತ್ತಲಿಲ್ಲ. ಅಲ್ಲಿ ಕೊಟ್ಟ ಸ್ಟೀರಾಯ್ಡ್ ಮಾತ್ರೆಯಿಂದ ವಾರದಲ್ಲೇ ಚೇತರಿಸಿಕೊಂಡಳು. ಚನ್ನಬಸವೇಶ್ವರನಿಗೆ ಹಣ್ಣುಕಾಯಿ ಮಾಡಿಸಿದೆವು. ಮಾತ್ರೆ ನಿಂತ ತಿಂಗಳೊಳಗೆ ಕಾಲುಗಳು ಮತ್ತೆ ಸೋತವು.

ಕೊನೆಗೆ ನಿಮ್ಹಾನ್ಸ್‌ಗೆ ಹೋದೆವು. ಮಿದುಳು, ಬೆನ್ನುಹುರಿ ಎರಡರದೂ ಎಂ.ಆರ್.ಐ. ಆಯಿತು. ಸೊಂಟದ ಬಳಿ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದರು. ಸ್ಟೀರಾಯ್ಡ್ ರೋಗದ ಕಣಗಳನ್ನು ಕೆಲಕಾಲ ಕರಗಿಸಿ ಪರೀಕ್ಷೆಗೆ ಸಿಗದಂತೆ ಮಾಡುತ್ತದಂತೆ. ಎರಡನೆಯ ಸಲ ತೆಗೆದ ನೀರಿನಲ್ಲಷ್ಟೇ ರಕ್ತದಲ್ಲಿದ್ದ ಅದೇ ಕಣಗಳು ಕಂಡವು. ಬಿಂಗ್–ನೀಲ್ ಸಿಂಡ್ರೋಮ್ ಎಂದರು. ಡೆನ್ಮಾರ್ಕಿನ ಇಬ್ಬರು ವೈದ್ಯರು 1936ರಲ್ಲಿ ಮೊದಲು ವಿವರಿಸಿದ್ದು. ವಾಲ್ಡನ್‌ಸ್ಟ್ರಾಮ್ ಕಾಯಿಲೆಯವರಲ್ಲೂ ನೂರಕ್ಕೆ ಸುಮಾರು ಒಬ್ಬರಿಗೆ ಬರುವಂಥದು.

'ಯಾವಾಗಿಂದ ಹೀಗಮ್ಮ?' ಎಂದು ವೈದ್ಯರು ಅಕ್ಕನನ್ನೇ ಕೇಳಿದರು.

'ಜೋಮು ಹಿಡಿದು ಎಂಟು ತಿಂಗಳಾಯ್ತು ಸಾರ್. ಕಾಲಿಂದ ಚಪ್ಪಲಿ ಜಾರಿದ್ರೂ ಗೊತ್ತಾಗ್ತಿರಲಿಲ್ಲ. ರಕ್ತ ಕಮ್ಮಿ ಅಂದಿದ್ರಲ್ಲ, ಅದಕ್ಕೇ ಅಂದ್ಕೊಂಡೆ.'

ನಾನು ತಲೆತಗ್ಗಿಸಿದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದವಳು ನಾನು. ಅಪರೂಪದ ಕಾಯಿಲೆಯ ಮೊದಲ ಸುದ್ದಿ ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ, ಆ ದೇಹದಲ್ಲಿರುವವರಿಗೆ ಗೊತ್ತಾಗುತ್ತದೆ. ಏನನ್ನು ಗಮನಿಸಬೇಕೆಂದೇ ನಾವು ಅವಳಿಗೆ ಹೇಳಿರಲಿಲ್ಲ. ಅವಳು ಹೆದರುತ್ತಾಳೆ ಎಂದು ಮುಚ್ಚಿಟ್ಟೆವು. ನಿಜಕ್ಕೂ ಹೆದರಿದ್ದವರು ನಾವು.

ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದು ನಾನು ವಾದಿಸುವುದಿಲ್ಲ. ಕೆಲವರಿಗೆ ತಿಳಿಯುವುದು ಬೇಡವಾಗಿರಬಹುದು. ಆದರೆ 'ಎಷ್ಟು ತಿಳಿಯಬೇಕು ನಿನಗೆ?' ಎಂದು ಕೇಳಬೇಕಲ್ಲವೇ? ಆ ಒಂದು ಪ್ರಶ್ನೆಯನ್ನೂ ನಾವು ಕೇಳಲಿಲ್ಲ. ಬೇಡವೆನ್ನುವ ಹಕ್ಕು ಅವಳದು, ನಮ್ಮದಲ್ಲ.

ಅಂದು ರಾತ್ರಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, 'ನನ್ನ ಹೆಸರು ಬರೆದಿರೋ ಕಾಗದ, ನನಗೇ ಯಾಕೆ ಓದಕ್ಕೆ ಕೊಡಲಿಲ್ವೇ?' ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಮಾತ್ರೆ ನಡೆದಿದೆ. ಕೋಲು ಹಿಡಿದು ನಡೆಯುತ್ತಾಳೆ. ಆಸ್ಪತ್ರೆಗೆ ಹೋಗುವಾಗ ಫೈಲನ್ನು ನಮ್ಮ ಕೈಗೆ ಕೊಡುವುದಿಲ್ಲ. ಬಸ್ಸಿನಲ್ಲಿ ತನ್ನ ಮಡಿಲಲ್ಲೇ ಇಟ್ಟುಕೊಳ್ಳುತ್ತಾಳೆ.