ಮಸ್ಕತ್ತಿನಿಂದ ಬಂದವನ ಉದ್ರಿ

ಪರದೇಶದಿಂದ ಬಂದವ ಊರಲ್ಲಿ ಕಿರಾಣಿ ಅಂಗಡಿ ಇಟ್ಟರೆ ಓದಿದ ಮಂದಿಯ ಮುಖ ಸಣ್ಣದಾಗುತ್ತದೆ. ಅಷ್ಟು ದೂರ ಹೋಗಿ ಬಂದು ಇದೇನಾ ಎಂಬ ತಾತ್ಸಾರ. ಅದಕ್ಕೆ ಶಾಸ್ತ್ರದ ಆಸರೆಯೂ ಇದೆ ಎಂಬುದೇ ಈ ಲೇಖಕನನ್ನು ಕೆರಳಿಸಿದ್ದು. ಇಟಲಿಯ ಸಮಾಜಶಾಸ್ತ್ರಜ್ಞ ಫ್ರಾನ್ಸೆಸ್ಕೊ ಚೆರಾಸೆ, ಅಮೆರಿಕದಿಂದ ದಕ್ಷಿಣ ಇಟಲಿಗೆ ಮರಳಿದವರನ್ನು 1974ರ ಲೇಖನದಲ್ಲಿ ನಾಲ್ಕು ಗುಂಪು ಮಾಡಿದ: ಸೋತು ಬಂದವರು, ಗಳಿಸಿದ ದುಡ್ಡಲ್ಲಿ ಹಳೆಯ ಬದುಕನ್ನೇ ಗಟ್ಟಿಮಾಡಿಕೊಳ್ಳುವ ಸಂಪ್ರದಾಯಸ್ಥರು, ವಿಶ್ರಾಂತಿಗೆ ಬಂದವರು, ಹೊಸತು ತರುವವರು. ಈ ಪಟ್ಟಿ ಹಿಡಿದು ನೋಡಿದರೆ ಅಂಗಡಿಕಾರ ಎರಡನೆಯ ಸಾಲಿನಲ್ಲೇ ಕೂರಬೇಕು.

ಜಗಳವಿರುವುದು ಚೆರಾಸೆಯ ಜೊತೆ.

ಲೇಖಕನ ಭಾವ ಮಸ್ಕತ್ತಿನಲ್ಲಿ ಸೂಪರ್ ಮಾರ್ಕೆಟಿನ ಲೆಕ್ಕ ನೋಡುತ್ತಿದ್ದವರು. ಖಾನಾಪುರದಲ್ಲಿ ಅಂಗಡಿ ತೆರೆದು, ಮಾಲು ತರಲು ಬೆಳಗಾವಿಯ ರವಿವಾರ ಪೇಟೆಗೆ ಹೋದರು. ಎಲ್ಲ ರೊಕ್ಕವನ್ನೂ ಎಣಿಸಿಕೊಟ್ಟು, ಪಕ್ಕಾ ಬಿಲ್ಲು ಕೇಳಿದರು. ಸಗಟು ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಅಕ್ಕಿಯಲ್ಲಿ ಎರಡು ಕಾಳು ಕಡಿದು ನೋಡಿ, ಮರಾಠಿಯಲ್ಲಿ ಹಮಾಲನಿಗೇನೋ ಹೇಳಿ, ಕನ್ನಡದಲ್ಲಿ ಭಾವನಿಗೆ ಅಂದ: ‘ರೊಕ್ಕ ಇರ್ಲಿ ಬಿಡ್ರಿ, ಮುಂದಿನ ವಾರ ಕೊಡ್ರಿ.’ ಭಾವನಿಗೆ ಅದು ಹಿಂದುಳಿದ ವ್ಯವಹಾರ. ಆದರೆ ಉದ್ರಿ ಕೊಟ್ಟವ ನಿಮ್ಮ ಅಂಗಡಿ ಮುಳುಗಬಾರದೆಂದು ಬಯಸುತ್ತಾನೆ. ನಗದು ಕೊಟ್ಟವನ ಹಂಗು ಅವನಿಗೇನು? ಚೆರಾಸೆ ಸಂಪ್ರದಾಯ ಎಂದು ಕರೆದದ್ದರೊಳಗೆ ಬಂಡವಾಳವೇ ಇದೆ. ಹಾಗಂತ ಲೇಖಕ ಗೆದ್ದ ಉಮೇದಿನಲ್ಲಿದ್ದ.

ಅದೇ ಉಮೇದಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ಸಾಕ್ಷಿಗೆ ಕರೆದದ್ದು ಮುಳುವಾಯಿತು. ಮುಂಬೈ ಪರದೇಶವಲ್ಲ, ನಿಜ; ಆದರೂ ಅಲ್ಲಿ ಪಾಠ ಹೇಳುತ್ತಿದ್ದ ಈ ಗುರ್ಲಹೊಸೂರಿನ ಮನುಷ್ಯ, ಬಡ್ತಿ ಕೈತಪ್ಪಿದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದ. 1888ರಲ್ಲಿ ಶುರುವಾಗಿದ್ದ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಎಂದು ರೈತರು ಹಿಂಜರಿದರು. ಕೊನೆಗೆ ನಗರಸಭೆ ಬಡಾವಣೆಗಾಗಿ ಜಾಗ ಬಿಡಿಸಿತು. 1910ರಲ್ಲಿ ಔಂಧ್ ಸಂಸ್ಥಾನದ ರಾಜ ಕೊಟ್ಟ ಜಮೀನಿನಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಹೊಸತು ತಂದವನನ್ನು ಊರಿನ ಅಧಿಕಾರ ತಡೆಯುತ್ತದೆ ಎಂದು ಚೆರಾಸೆ ಬರೆದದ್ದೂ ಇದನ್ನೇ ಅಲ್ಲವೇ?

ಅಮೆರಿಕದಲ್ಲಿ ಓದಿ ದುಡಿದ ಅರವಿಂದ ಮೆಳ್ಳಿಗೇರಿ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯ ಕಟ್ಟಿದ್ದಾರಲ್ಲ ಎನ್ನಬಹುದು. ಹೌದು, ಆದರೆ ಪೇಟೆಯನ್ನು ಸೇರದೆ, ಹೊರಗೆ ತಮ್ಮದೇ ಬೇಲಿ ಹಾಕಿಕೊಂಡು. ಕಿರಾಣಿಯವನಿಗೆ ಆ ಬೇಲಿ ಎಲ್ಲಿಂದ ಬರಬೇಕು?

ಭಾವ ಈಗ ಪೊಟ್ಟಣಕ್ಕೆ ಬೆಲೆಚೀಟಿ ಅಂಟಿಸುತ್ತಾರೆ, ಅದೇ ಗಲ್ಲೆಯ ಮೇಲೆ ಉದ್ರಿ ವಹಿಯನ್ನೂ ಇಟ್ಟಿದ್ದಾರೆ. ಭತ್ತ ಮಾರಿದ ಮೇಲೆ ಕೆಲವರು ಕೊಡುತ್ತಾರೆ, ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಉದ್ರಿ ಬಂಡವಾಳ ಎಂಬ ವಾದದಲ್ಲಿ ಅರ್ಧವನ್ನಾದರೂ ಲೇಖಕ ಹಿಂದೆಗೆಯಬೇಕು. ಊರಿಗೆ ಬಂದು ಅಂಗಡಿ ಇಡುವವರು ಮಾತ್ರ ಬಾಡಿಗೆ, ಮಾಲು, ಕರೆಂಟಿನ ಲೆಕ್ಕ ಬರೆಯುವಾಗ ಮೊದಲ ವರ್ಷದ ಉದ್ರಿಗೂ ಒಂದು ಸಾಲು ಬಿಡಲಿ.